ಮಂಡಿ ಮಡಚುವ ಕೋಣೆಯ ಪರದೆ

ನಮ್ಮ ಫಿಸಿಯೋಥೆರಪಿ ಕೋಣೆಯಲ್ಲಿ ಎರಡು ಮಂಚಗಳ ನಡುವೆ, ಮಂಚದ ಸುತ್ತ ಎಳೆಯುವಂಥ ಒಂದು ಹಸಿರು ಪರದೆ ಇದೆ. ಆ ಕೋಣೆಗೆ ಬಂದ ಹೊಸದರಲ್ಲೇ ನಾನು ಅದನ್ನು ಸುರುಳಿ ಸುತ್ತಿ, ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆಯಿಂದ ಗೋಡೆ ಪಕ್ಕದ ಕಂಬಿಗೆ ಬಿಗಿಯಾಗಿ ಕಟ್ಟಿಬಿಟ್ಟಿದ್ದೆ. ಯಾಕೆ ಮೇಡಮ್ ಎಂದು ಕೇಳಿದವರಿಗೆ, "ಪರದೆ ಎಳೆದರೆ ಜನ ಸೋಮಾರಿಗಳಾಗ್ತಾರೆ" ಎನ್ನುತ್ತಿದ್ದೆ. ಪಕ್ಕದ ಮಂಚದ ಮುದುಕಿ ಕಾಲು ಮಡಚುವುದನ್ನು ನೋಡಿ ಈ ಮಂಚದ ಗಟ್ಟಿಮುಟ್ಟು ಗಂಡಸಿಗೆ ನಾಚಿಕೆಯಾಗಬೇಕು. ನಾಚಿಕೆ ಬಂದರೆ ಕಾಲು ತಾನಾಗಿ ಮಡಚುತ್ತದೆ. ಇದು ನನ್ನ ವಿದ್ಯೆ. ಯಾವ ಕಾಲೇಜಿನಲ್ಲೂ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು, ಅದಕ್ಕೇ ಅದರ ಮೇಲೆ ನನಗೆ ಒಂದು ಕೈ ಹೆಚ್ಚು ಅಭಿಮಾನ.

ಆಸ್ಪತ್ರೆ ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿ ಕಸ ಗುಡಿಸುವ ಆಯಾಳಿಂದ ಹಿಡಿದು ಎಲ್ಲರೂ ಇದನ್ನು ಓದಿ ಮತ್ತೊಂದು ಸಲ ನಗುತ್ತಾರೆ. ಒಂದು ಸಲ ನಕ್ಕಿದ್ದೇ ಸಾಕಾಗಿದೆ.

ಆ ಕುರಿಗಾರ ಬಂದದ್ದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಧರ್ಮಪುರದ ಆಚೆಯ ಹಳ್ಳಿಯವನು, ನಲವತ್ತರ ಆಸುಪಾಸು, ಒಣಕಲು ಮೈ, ಹೆಗಲ ಮೇಲೆ ಟವೆಲ್ಲು. ಆಗತಾನೇ ಹುಟ್ಟಿದ ಮರಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಒಣ ಹಳ್ಳ ಜಿಗಿದಿದ್ದಾನೆ. ಮರಿ ಬೀಳಬಾರದೆಂದು ಇಡೀ ಮೈಭಾರವನ್ನು ಒಂದೇ ಕಾಲಿನ ಮೇಲೆ ಇಳಿಸಿದ್ದಾನೆ. ಮಂಡಿ ಅರ್ಧ ಮಡಚಿದ ಸ್ಥಿತಿಯಲ್ಲೇ ಒಳಗೆ ಏನೋ ಪಟಾರನೆ ಕಿತ್ತಿದೆ. ಮರಿಗೆ ಏನೂ ಆಗಲಿಲ್ಲವಂತೆ.

ಏನು ಕಿತ್ತಿತೆಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಸುತ್ತಲೇ ಇದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ಮೇಲಿನಿಂದ ಹಿಡಿದುಕೊಂಡಿರುತ್ತದೆ. ಚಿಪ್ಪಿನ ಕೆಳತುದಿಯಿಂದ ಮುಂಗಾಲ ಎಲುಬಿನ ಉಬ್ಬಿನವರೆಗೆ ಒಂದು ಗಟ್ಟಿ ಪಟ್ಟಿ ಇಳಿಯುತ್ತದೆ, ಹೆಬ್ಬೆರಳಿಗಿಂತ ಅಗಲ. ಅದೇ ಪಟೆಲ್ಲಾರ್ ಲಿಗಮೆಂಟ್. ನಾವು ಕುಕ್ಕರಗಾಲಿನಿಂದ ಏಳುವುದು, ಮೆಟ್ಟಿಲು ಹತ್ತುವುದು, ಜಿಗಿಯುವುದು ಎಲ್ಲದರ ಎಳೆತವೂ ಆ ಪಟ್ಟಿಯ ಮೇಲೇ ಬೀಳುತ್ತದೆ. ಅದು ಹರಿದರೆ ಚಿಪ್ಪು ತೊಡೆಯ ಕಡೆಗೆ ಸರಿದುಹೋಗುತ್ತದೆ, ಮಲಗಿದಲ್ಲಿಂದ ಕಾಲನ್ನು ನೆಟ್ಟಗೆ ಎತ್ತಲು ಆಗುವುದಿಲ್ಲ. ಹೊಲಿಯಲೇಬೇಕು, ಬೇರೆ ದಾರಿಯಿಲ್ಲ. ಹೊಲಿದ ಮೇಲೆ ಕೆಲವು ವಾರ ಕಾಲು ತೊಡೆಯಿಂದ ಕಣಕಾಲಿನವರೆಗಿನ ಬೆಲ್ಟಿನಲ್ಲಿ ನೆಟ್ಟಗಿರಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಮಡಚಬೇಕು. ಆತುರಪಟ್ಟರೆ ಹೊಲಿಗೆ ಕಿತ್ತುಹೋಗುತ್ತದೆ, ತಡಮಾಡಿದರೆ ಒಳಗೆಲ್ಲ ಅಂಟಿಕೊಂಡು ಮಂಡಿ ಮರದ ತುಂಡಾಗುತ್ತದೆ. ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ಕಾಲನ್ನು ದಾಟಿಸುವುದೇ ನನ್ನ ಕಸುಬು.

ಕುರಿಗಾರನಿಗೆ ಚಿತ್ರದುರ್ಗದ ಒಬ್ಬ ಮೂಳೆ ಸರ್ಜನ್ ಹೊಲಿಗೆ ಹಾಕಿದ್ದರು. 'ಮಡಚಲು ಶುರು ಮಾಡಬಹುದು' ಎಂದು ಬರೆದು ನನ್ನ ಹತ್ತಿರ ಕಳಿಸಿದ್ದರು. ಮಂಚದ ಮೇಲೆ ಮಲಗಿಸಿ, ಹಿಮ್ಮಡಿಯನ್ನು ಕುಂಡಿಯ ಕಡೆಗೆ ಜಾರಿಸು ಎಂದೆ. ಒಂದು ಗೇಣು ಜಾರಿಸಿ ನಿಲ್ಲಿಸಿದ. ಇನ್ನೂ ಎಂದರೆ ಸೊಂಟವನ್ನು ಮೆಲ್ಲಗೆ ಮೇಲೆತ್ತಿದ. ಸೊಂಟ ಎತ್ತಿದರೆ ಮಂಡಿ ಮಡಚಿದಂತೆ ಕಾಣುತ್ತದೆ, ಮಡಚಿರುವುದಿಲ್ಲ. ಎಲ್ಲ ರೋಗಿಗಳೂ ಆಡುವ ಆಟ ಇದು.

ಅವನ ಸೊಂಟಕ್ಕೆ ಒಂದೇಟು ಕೊಟ್ಟು, "ಸೊಂಟ ಎತ್ತಿ ಯಾರಿಗಪ್ಪಾ ಟೋಪಿ ಹಾಕ್ತೀಯ?" ಎಂದು ಮುಂಗಾಲನ್ನು ನಾನೇ ಹಿಡಿದು ಒತ್ತಿದೆ.

"ಅಯ್ಯಯ್ಯೋ ಅವ್ವಾ! ಬಿಡ್ರೀ ಮೇಡಮ್ಮಾರೆ! ಸತ್ತೆ!"

ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ಇಣುಕಿದರು. ಪಕ್ಕದ ಮಂಚದಲ್ಲಿ ಮಂಡಿ ಬದಲಿಸಿಕೊಂಡಿದ್ದ ರಿಟೈರ್ಡ್ ಟೀಚರಮ್ಮ ಕಾಲು ಮಡಚುವುದು ನಿಲ್ಲಿಸಿ ಇತ್ತ ತಿರುಗಿದರು. ನನಗೆ ಅದೇ ಬೇಕಿತ್ತು. ಎಲ್ಲರಿಗೂ ಕೇಳುವ ಹಾಗೆ, "ಕೊಯ್ಯೋ ಕುರಿ ಕೂಡ ಹಿಂಗೆ ಒದರಲ್ಲ ಕಣಪ್ಪಾ! ದಿನಾ ಕುರಿ ಜೊತೆ ಇರ್ತೀಯ, ಅಷ್ಟೂ ಕಲೀಲಿಲ್ವಾ?" ಎಂದೆ.

ಕೋಣೆಯೆಲ್ಲ ನಕ್ಕಿತು. ಬಾಗಿಲಲ್ಲಿದ್ದ ಒಬ್ಬ ಹುರುಪಿನಲ್ಲಿ "ಬ್ಯಾ" ಎಂದ, ನಗು ಇನ್ನೂ ಜೋರಾಯಿತು. ನಾನೂ ನಕ್ಕೆ. ಕುರಿಗಾರ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೆಲ್ಟು ಬಿಗಿದುಕೊಂಡ, ಎದ್ದು ಹೋದ. ಮತ್ತೆ ಬರಲಿಲ್ಲ. ಅವನ ಹೆಸರಿದ್ದ ಚೀಟಿ ಮೇಜಿನ ಮೇಲೆ ನಾಲ್ಕಾರು ದಿನ ಇದ್ದು ಆಮೇಲೆ ಯಾವುದರ ಅಡಿಗೋ ಸೇರಿತು. ಬೇಕಾದವರು ಬರುತ್ತಾರೆ, ಬೇಡದವರ ಮನೆಗೆ ನಾನು ಅಕ್ಷತೆ ಕೊಟ್ಟು ಕರೆಯಲು ಹೋಗಲೇ ಎಂದುಕೊಂಡು ಸುಮ್ಮನಾದೆ.

ಅದೇ ದಿನಗಳಲ್ಲಿ ನನ್ನ ಬಲಮಂಡಿ ನೋಯುತ್ತಿತ್ತು. ಚಿಪ್ಪಿನ ಕೆಳತುದಿಗೆ ಹೆಬ್ಬೆರಳಿಟ್ಟು ಒತ್ತಿದರೆ ಚುಳ್ಳೆನ್ನುವುದು, ಮೆಟ್ಟಿಲಿಳಿಯುವಾಗ ಹಲ್ಲು ಕಚ್ಚಬೇಕು. ಏನೆಂದು ನನಗೆ ಗೊತ್ತಿರಲಿಲ್ಲವೇ? ಜಿಗಿಯುವ ಆಟದವರಿಗೆ ಬರುವ ಕಾಯಿಲೆ. ಪದೇ ಪದೇ ಜಗ್ಗಿ ಜಗ್ಗಿ ಆ ಪಟ್ಟಿಯ ಎಳೆಗಳು ಜೂಲಾಗುತ್ತವೆ. ಜಿಗಿತ ನಿಲ್ಲಿಸಿ, ಇಳಿಜಾರು ಹಲಗೆಯ ಮೇಲೆ ನಿಂತು ನಿಧಾನವಾಗಿ ಅರ್ಧ ಕೂತು ಏಳುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಬೇಕು. ಎಷ್ಟು ಜನ ಕಾಲೇಜು ಹುಡುಗರಿಗೆ ನಾನೇ ಇದನ್ನು ಹೇಳಿ, ಕೇಳದವರಿಗೆ ಮುಖಕ್ಕೆ ಮಂಗಳಾರತಿ ಎತ್ತಿಲ್ಲ! ಆದರೆ ಸರ್ಕಾರಿ ನೌಕರರ ಕ್ರೀಡಾಕೂಟ ಹತ್ತಿರ ಬಂದಿತ್ತು. ನಮ್ಮ ಇಲಾಖೆಯ ಹೆಂಗಸರ ಥ್ರೋಬಾಲ್ ತಂಡಕ್ಕೆ ನಾನು ಕ್ಯಾಪ್ಟನ್. ಹಿಂದಿನ ಸಲ ಕಂದಾಯದವರ ಕೈಯಲ್ಲಿ ಸೋತಿದ್ದೆವು. ಆ ತಹಶೀಲ್ದಾರ್ ಕಚೇರಿಯ ಹೆಂಗಸರು ಕಪ್ ಹಿಡಿದು ಫೋಟೋ ತೆಗೆಸಿಕೊಂಡದ್ದು ನನ್ನ ಕಣ್ಣಲ್ಲೇ ಇತ್ತು.

ಪರಿಚಯದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿ ಎಂದೆ. ಅವರು ಆಗಲ್ಲ ಎಂದರು. ಈ ಜಾಗಕ್ಕೆ ಕೊಟ್ಟರೆ ನೋವು ಹೋಗುತ್ತದೆ, ಪಟ್ಟಿ ಟೊಳ್ಳಾಗುತ್ತದೆ, ನಿಮಗೇ ಗೊತ್ತಲ್ಲ ಎಂದರು. ನಾನು ಬಿಡಲಿಲ್ಲ, ಮೂರು ಸಲ ಅಲೆದೆ. ಕೊನೆಗೆ ಸೋತು, "ಪಟ್ಟಿ ಒಳಗೆ ಬೇಡ, ಸುತ್ತ ಹಾಕ್ತೀನಿ. ಆದ್ರೆ ಆಟ ಮಾತ್ರ ಬಂದ್, ಆಯ್ತಾ?" ಎಂದರು. ಆಯ್ತು ಸರ್ ಎಂದೆ. ಆಡುವುದಿಲ್ಲವೆಂದು ಬಾಯಲ್ಲಿ ಹೇಳುವಾಗಲೇ ಆಡುತ್ತೇನೆಂದು ಮನಸ್ಸಿನಲ್ಲಿತ್ತು. ಮರುದಿನಕ್ಕೆ ನೋವು ಮಾಯ. ನನ್ನಂಥ ಜಾಣೆ ಇಲ್ಲ ಎನಿಸಿತು.

ಚಿತ್ರದುರ್ಗದ ಮೈದಾನ. ಕಂದಾಯದವರ ಮೇಲೇ ಆಟ. ಎತ್ತರದ ಚೆಂಡಿಗೆ ಜಿಗಿದೆ, ಹಿಡಿದೂ ಹಿಡಿದೆ. ಕೆಳಗಿಳಿಯುವಾಗ ಬಲಗಾಲು ನೆಲ ಮುಟ್ಟಿತು, ಹೊಸ ಬಟ್ಟೆ ಹರಿದಂಥ ಸದ್ದು ಕೇಳಿತು, ಮೈ ಮುಗ್ಗರಿಸಿತು. ಕೂತಲ್ಲೇ ಮಂಡಿ ಮುಟ್ಟಿ ನೋಡಿಕೊಂಡೆ. ಚಿಪ್ಪು ಇರಬೇಕಾದ ಕಡೆ ಇರಲಿಲ್ಲ, ತೊಡೆಯ ಕಡೆಗೆ ಹೋಗಿತ್ತು. ಅದರ ಕೆಳಗೆ ಬೆರಳಿಟ್ಟರೆ ಬೆರಳು ಒಳಕ್ಕೆ ಇಳಿಯಿತು. ಕಾಲೆತ್ತಲು ನೋಡಿದೆ, ತೊಡೆ ಬಿಗಿಯಿತು, ಹಿಮ್ಮಡಿ ಮಣ್ಣಿನಿಂದ ಮೇಲೇಳಲಿಲ್ಲ. ಬೇರೆಯವರಿಗೆ ಏನಾಗಿದೆಯೋ ಎಂಬ ಗಾಬರಿ, ನನಗೆ ಆ ಭಾಗ್ಯವೂ ಇಲ್ಲ. ಎಲ್ಲ ಗೊತ್ತಿತ್ತು. ನೋವಿಗಿಂತ ಮೊದಲು ಬಂದದ್ದು ನಾಚಿಕೆ. ಎರಡೂ ಇಲಾಖೆಯ ಹೆಂಗಸರು ಸುತ್ತ ನಿಂತು, "ಅಯ್ಯೋ, ಫಿಸಿಯೋ ಮೇಡಮ್ಮಿಗೇ ಹಿಂಗಾಯ್ತಲ್ರೀ" ಎನ್ನುವುದು ಕೇಳುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೊಟ್ಟೆಗೆ ಅವುಚಿಕೊಂಡಿದ್ದ ಚೆಂಡನ್ನು ಯಾರೋ ಮೆಲ್ಲಗೆ ಬಿಡಿಸಿಕೊಂಡರು.

ಕುರಿಗಾರನಿಗೆ ಹೊಲಿದ ಸರ್ಜನ್ನೇ ನನಗೂ. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಬಂದರು. ಮಂಚದ ಸುತ್ತ ತಂಡದ ಹೆಂಗಸರು ಸೇಬು, ಮೂಸಂಬಿ ಹಿಡಿದು ನಿಂತಿದ್ದರು. ಹೈಸ್ಕೂಲ್ ಮೇಷ್ಟರಾದ ನನ್ನ ಗಂಡ ತಲೆಯ ಹತ್ತಿರ ಕೂತಿದ್ದರು.

"ಈ ಮಂಡಿಗೆ ಮುಂಚೆ ಯಾವುದಾದ್ರೂ ಇಂಜೆಕ್ಷನ್ ತಗಂಡಿದ್ರಾ?" ಎಂದು ಸರ್ಜನ್ ಕೇಳಿದರು.

"ಇಲ್ಲ ಸರ್."

"ಖಂಡಿತ?"

"ಇಲ್ಲ ಸರ್, ಸುಮ್ಮನೆ ಸ್ವಲ್ಪ ನೋವಿತ್ತು ಅಷ್ಟೇ."

ಗಂಡನಿಗೂ ಗೊತ್ತಿರಲಿಲ್ಲ. ಅಷ್ಟು ಜನರ ಮುಂದೆ, ಗೊತ್ತಿದ್ದೂ ಹಾಕಿಸಿಕೊಂಡೆ ಎಂದು ಹೇಗೆ ಹೇಳಲಿ? ನನ್ನ ರೋಗಿಯೊಬ್ಬ ಹೀಗೆ ಸುಳ್ಳು ಹೇಳಿದ್ದರೆ ಅವನ ಚರ್ಮ ಸುಲಿಯುತ್ತಿದ್ದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಎದೆಯ ಮೇಲೆ ಅಡ್ಡ ಬಟ್ಟೆ, ನನಗೆ ಕಾಣುವುದು ಆ ಬಟ್ಟೆ ಮತ್ತು ದೀಪ. ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ. ಕೆಲಸದ ಕ್ರಮ ಗೊತ್ತು. ಹರಿದ ಪಟ್ಟಿಯ ಎಳೆಗಳೊಳಗೆ ದಪ್ಪ ದಾರವನ್ನು ಜಡೆ ಹೆಣೆದ ಹಾಗೆ ಓಡಿಸುತ್ತಾರೆ, ಚಿಪ್ಪಿನಲ್ಲಿ ಉದ್ದಕ್ಕೆ ತೂತು ಕೊರೆದು ದಾರದ ತುದಿಗಳನ್ನು ಮೇಲಕ್ಕೆಳೆದು ಗಂಟು ಹಾಕುತ್ತಾರೆ. ಎಕ್ಸ್‌ರೇಯಲ್ಲಿ ಚಿಪ್ಪಿನ ಎತ್ತರ ಇನ್ನೊಂದು ಕಾಲಿನಷ್ಟೇ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಡ್ರಿಲ್ಲಿನ ಸದ್ದು ಬರುವ ಮೊದಲೇ ಸರ್ಜನ್ನರ ದನಿ ನಿಂತಿತು. ಆಮೇಲೆ ಸಹಾಯಕನಿಗೆ ಹೇಳಿದರು:

"ನೋಡಿಲ್ಲಿ. ಮೇಲ್ನೋಟಕ್ಕೆ ಗಟ್ಟಿ ಐತೆ, ದಾರ ಎಳೆದ್ರೆ ಒದ್ದೆ ಹತ್ತಿ ಥರ ಬಿಟ್ಕೊಂಡು ಬರ್ತೈತೆ. ಇವರ ವಯಸ್ಸಿಗೆ ಹಿಂಗಿರಬಾರದಲ್ಲ." ಸ್ವಲ್ಪ ತಡೆದು, "ನಡು ಭಾಗ ಪರವಾಗಿಲ್ಲ ಅನ್ಸುತ್ತೆ. ಅದರಲ್ಲೇ ಹೊಲಿದುಬಿಡಾಣ, ಹಿಡೀಬಹುದು."

ಹಿಡೀಬಹುದು! ಇಂಜೆಕ್ಷನ್ ಸುತ್ತಲೆಲ್ಲ ಇಳಿದಿದೆ, ನಡು ಭಾಗವೂ ನಂಬುವ ಹಾಗಿಲ್ಲ, ಮಡಚಲು ಶುರು ಮಾಡಿದ ದಿನವೇ ಬಿಟ್ಟುಹೋಗಬಹುದು. ಇದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ತಲೆಯ ಹತ್ತಿರವಿದ್ದ ನರ್ಸು ನಮ್ಮ ತಂಡದ ಒಬ್ಬಾಕೆಯ ತಂಗಿ. ಈಗ ಬಾಯಿ ಬಿಟ್ಟರೆ ಸಂಜೆಯೊಳಗೆ ಇಡೀ ಇಲಾಖೆಗೆ ಸುದ್ದಿ. ಅಷ್ಟನ್ನೂ ಲೆಕ್ಕ ಹಾಕಿದೆ ನೋಡಿ, ಕಾಲು ಸೀಳಿ ಇಟ್ಟಿರುವಾಗ!

"ಸರ್," ಎಂದೆ. "ಇಂಜೆಕ್ಷನ್ ತಗಂಡಿದ್ದೆ. ಸ್ಟೀರಾಯ್ಡ್. ಆಟಕ್ಕೆ ಸ್ವಲ್ಪ ದಿನ ಮುಂಚೆ."

ಉಪಕರಣವೊಂದನ್ನು ತಟ್ಟೆಯಲ್ಲಿಟ್ಟ ಸದ್ದಾಯಿತು.

"ನಿನ್ನೆ ಕೇಳಿದೆನಲ್ಲ ಮೇಡಮ್."

"ನಾಚಿಕೆ ಆಯ್ತು ಸರ್."

"ಸರಿ," ಎಂದರು ಅವರು, ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ತೊಡೆಯ ಹಿಂಭಾಗದಿಂದ ಸ್ನಾಯುವಿನ ಉದ್ದನೆಯ ದಾರದಂಥ ಭಾಗವೊಂದನ್ನು ಬಿಡಿಸಿ ತೆಗೆದು, ಕೆಳಗೆ ಎಲುಬಿನಲ್ಲಿ, ಮೇಲೆ ಚಿಪ್ಪಿನಲ್ಲಿ ತೂತು ಕೊರೆದು ಸುತ್ತಿಸಿ, ಹೊಲಿಗೆಗೆ ಆಸರೆಯಾಗಿ ಬಿಗಿದರು. ಕೆಲಸ ಬಹಳ ಹೊತ್ತು ಹಿಡಿಯಿತು. ನಾನು ದೀಪ ನೋಡುತ್ತಾ ಮಲಗಿದ್ದೆ.

ಮನೆಗೆ ಬಂದ ಮೇಲೆ ಶುರುವಾಯಿತು ನನ್ನ ಅಸಲಿ ಫಜೀತಿ. ನನ್ನ ಜಾಗಕ್ಕೆ ಹೊಳಲ್ಕೆರೆ ಕಡೆಯಿಂದ ಒಬ್ಬ ಕಿರಿಯ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ತಾತ್ಕಾಲಿಕವಾಗಿ ಹಾಕಿದ್ದರು. ಮಡಚುವ ಕಾಲ ಬಂದಾಗ ಅವಳು ಫೋನ್ ಮಾಡಿ, "ಅಕ್ಕಾ, ಡಿಪಾರ್ಟ್‌ಮೆಂಟಿಗೆ ಬನ್ನಿ, ನಾನು ಮಾಡಿಸ್ತೀನಿ" ಎಂದಳು. ಆ ಮಂಚ, ಆ ಬಾಗಿಲಲ್ಲಿ ಇಣುಕುವ ಮುಖಗಳು ಕಣ್ಣಿಗೆ ಬಂದವು. "ಬೇಡಮ್ಮಾ, ನನಗೆ ಗೊತ್ತಿಲ್ವಾ? ಮನೇಲೇ ಮಾಡ್ಕೊಳ್ತೀನಿ" ಎಂದೆ.

ಮಾಡಿಕೊಂಡೆನೇ? ಹಾಸಿಗೆಯ ಮೇಲೆ ಕೂತು ಹಿಮ್ಮಡಿ ಜಾರಿಸಿದೆ. ಒಂದು ಗೇಣು ಹೋಗುವಷ್ಟರಲ್ಲಿ ಮಂಡಿಯೊಳಗೆ ಕಾದ ಸರಳು ಇಟ್ಟಂತಾಯಿತು. ಇಷ್ಟು ವರ್ಷ ಬೇರೆಯವರ ಮಂಡಿ ಮಡಚಿದ್ದೇನೆ, ಈ ನೋವಿನ ಅಂದಾಜೇ ನನಗಿರಲಿಲ್ಲ. 'ಸ್ವಲ್ಪ ಹಿಡಿದ ಹಾಗೆ ಆಗ್ತದೆ ಅಷ್ಟೇ' ಎನ್ನುತ್ತಿದ್ದೆ ಎಲ್ಲರಿಗೂ. ಥೂ ನನ್ನ ಬಾಯಿಗಿಷ್ಟು! ನೋವಿನ ಜೊತೆ ಭಯ ಬೇರೆ, ಇನ್ನೊಂದು ಸಲ ಕಿತ್ತರೆ ಎಂದು. ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಹೊರಗೆ ಬಂದು "ಆಯ್ತು ಇವತ್ತಿನದು" ಎನ್ನುತ್ತಿದ್ದೆ. ಹುಡುಗಿ ಫೋನಿನಲ್ಲಿ ಮಂಡಿ ಎಷ್ಟು ಡಿಗ್ರಿ ಮಡಚ್ತಕ್ಕಾ ಎಂದು ಕೇಳಿದರೆ ಬಾಯಿಗೆ ಬಂದ ಅಂಕಿ ಹೇಳುತ್ತಿದ್ದೆ. ಒಂದು ದಿನ ಗಂಡ ಒಳಗೆ ಬಂದಾಗ ತೋರಿಸಲೆಂದು ಮಡಚಿದೆ. ಮಡಚುವಾಗ ನನ್ನ ಸೊಂಟ ಹಾಸಿಗೆಯಿಂದ ತಾನಾಗಿ ಮೇಲೆದ್ದಿತ್ತು. ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಕುರಿಗಾರನ ಸೊಂಟಕ್ಕೆ ಕೊಟ್ಟ ಏಟು ನೆನಪಾಗಿ, ಗಂಡನ ಎದುರೇ ಅತ್ತುಬಿಟ್ಟೆ. ಅವರು ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡು ಮಾತ್ರೆ ತಂದುಕೊಟ್ಟರು.

ಚಿತ್ರದುರ್ಗಕ್ಕೆ ತೋರಿಸಲು ಹೋದಾಗ ಸರ್ಜನ್ ಅಳತೆ ಹಿಡಿದರು. ಈ ಹೊತ್ತಿಗೆ ಮಂಡಿ ತೊಂಬತ್ತು ಡಿಗ್ರಿಯ ಹತ್ತಿರ ಮಡಚಬೇಕಿತ್ತು, ಐವತ್ತರ ಹತ್ತಿರ ನಿಂತಿತ್ತು. ಅವರು ಸ್ಕೇಲನ್ನು ಜೇಬಿಗಿಟ್ಟುಕೊಂಡರು.

"ನಿಮ್ಗೆ ನಾನು ಹೇಳೋ ಹಂಗಿಲ್ಲ. ಮುಂದಿನ ತಿಂಗಳೊಳಗೆ ಬರ್ಲಿಲ್ಲ ಅಂದ್ರೆ ಮತ್ತೆ ಮರಗಟ್ಟಿಸಿ ನಾನೇ ಬಗ್ಗಿಸ್ಬೇಕಾಗ್ತದೆ. ಇಂಥ ಲಿಗಮೆಂಟಿಗೆ ಅದನ್ನ ಮಾಡಾಕೆ ನನಗೆ ಧೈರ್ಯ ಇಲ್ಲ. ಹರಿದ್ರೆ ಮತ್ತೆ ಹೊಲಿಯಾಕೆ ಏನೂ ಉಳಿದಿಲ್ಲ." ಆಮೇಲೆ ನೆನಪಾದವರಂತೆ, "ಅಂದಂಗೆ, ಆ ಧರ್ಮಪುರದ ಕುರಿಗಾರ ನಿಮ್ಮ ಹತ್ರ ಬರ್ತಾನಾ? ನನ್ನ ಹತ್ರಾನೂ ಪತ್ತೆ ಇಲ್ಲ."

"ಬರ್ತಿಲ್ಲ ಸರ್."

"ಯಾಕಂತೆ?"

ನಾನು ಬೆಲ್ಟಿನ ಪಟ್ಟಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದೆ. ಯಾಕೆಂದು ನನಗೆ ಆ ಕ್ಷಣದಲ್ಲಿ ಚೆನ್ನಾಗಿ ಗೊತ್ತಿತ್ತು. ನಾನು ಯಾಕೆ ನನ್ನದೇ ಕೋಣೆಗೆ ಹೋಗುತ್ತಿಲ್ಲವೋ, ಅದಕ್ಕೇ.

ಆ ಭಾನುವಾರ ಗಂಡನಿಗೆ ಎಲ್ಲ ಹೇಳಿದೆ. ಇಂಜೆಕ್ಷನ್ ಸಮೇತ. ಅವರು "ಕಾರು ತೆಗೀಲಾ?" ಎಂದರು. ಅಷ್ಟೇ ಕೇಳಿದ್ದು. ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತೆ. ಹಿರಿಯೂರು ದಾಟಿ ಧರ್ಮಪುರದ ರಸ್ತೆಗೆ ಬಿದ್ದೆವು. ಶೇಂಗಾ ಕಿತ್ತ ಹೊಲಗಳು, ಬಿಸಿಲು. ಹಳ್ಳಿಯ ಬಸ್ ನಿಲ್ದಾಣದಲ್ಲಿ, ಕಾಲು ಆಪರೇಷನ್ ಆದ ಕುರಿಗಾರನ ಮನೆ ಯಾವುದು ಎಂದು ಕೇಳಿದೆವು. ಅಲ್ಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಓ, ಬ್ಯಾ ಅನ್ನೋನಾ? ಕೊನೇ ಮನೆ ನೋಡ್ರಿ."

ಆವತ್ತು ಬಾಗಿಲಲ್ಲಿ 'ಬ್ಯಾ' ಎಂದವನು ಇದೇ ಊರಿನವನೇ ಇರಬೇಕು. ನನ್ನ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಇಲ್ಲಿಗೆ ಬಂದು ಮನೆ ಮಾಡಿಕೊಂಡಿತ್ತು.

ಮನೆ ಪಕ್ಕದಲ್ಲಿ ಮುಳ್ಳಿನ ಬೇಲಿಯ ಕುರಿ ರೊಪ್ಪ, ಖಾಲಿ. ಕುರಿಗಾರ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ನನ್ನನ್ನು ಕಂಡವನೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮುಖ ತಿರುಗಿಸಿದ. ಅವನ ಹೆಂಡತಿ ಒಳಗಿನಿಂದ ಬಂದಳು.

"ಯಾರು ನೀವು?"

"ಆಸ್ಪತ್ರೆಯಿಂದ ಬಂದೀನಮ್ಮಾ. ಫಿಸಿಯೋ..."

"ಓಹೋ, ಅವ್ರಾ! ಬರ್ರಿ, ಕುಂತ್ಕಳ್ರಿ. ಇನ್ನೇನ್ ಬಾಕಿ ಐತೆ ಅಂತ ಬಂದ್ರಿ?" ಅವಳು ಕೂರಲು ಏನೂ ತೋರಿಸಲಿಲ್ಲ. "ಅವತ್ತು ಬಂದು ಉಣ್ಣಾಕಿಲ್ಲ, ಮಲಗಾಕಿಲ್ಲ. ಊರಾಗಿನ ಹುಡ್ರೆಲ್ಲ ಮನೆ ಮುಂದೆ ಬಂದು ಬ್ಯಾ ಅಂತಾವೆ. ಗಂಡಸು ಕಣಮ್ಮಾ ಆತ. ಮರಿ ಉಳಿಸಾಕೆ ಹೋಗಿ ಕಾಲು ಕಳ್ಕಂಡ. ಕಳ್ಳತನ ಮಾಡಾಕೆ ಹೋಗಿ ಅಲ್ಲ."

"ತಪ್ಪಾಯ್ತಮ್ಮಾ," ಎಂದೆ. ಎಷ್ಟೋ ಯೋಚಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಇಷ್ಟೇ. "ನಂದೇ ತಪ್ಪು. ಹೊಟ್ಟೆಗೆ ಹಾಕ್ಕೊಳ್ರಿ."

ಜಗುಲಿಯ ಮೆಟ್ಟಿಲು ಹತ್ತಲು ನನಗೆ ಆಗದೆ, ಗಂಡನ ಭುಜ ಹಿಡಿದು ಕಾಲನ್ನು ಹೊರಕ್ಕೆ ತಿರುಗಿಸಿ ಎಳೆದುಕೊಂಡೆ. ಆಗ ಕುರಿಗಾರ ನನ್ನ ಬೆಲ್ಟು ನೋಡಿದ.

"ಇದೇನ್ ಮೇಡಮ್ಮಾರೆ? ನಿಮ್ದೂ ಕಿತ್ತೋತಾ?"

"ಕಿತ್ತೋಯ್ತಪ್ಪಾ. ನಿನ್ನದೇ ಪಟ್ಟಿ. ಅದೇ ಡಾಕ್ಟ್ರು."

ಅವನು ನಕ್ಕ. ಹೊಟ್ಟೆ ತುಂಬಾ ನಕ್ಕ, ಹೆಂಡತಿ ಸುಮ್ಕಿರು ಎಂದು ಗದರಿಸುವವರೆಗೂ ನಕ್ಕ. ನಗಲಿ ಎಂದು ನಿಂತಿದ್ದೆ, ಅದು ಅವನಿಗೆ ಸಲ್ಲಬೇಕಾದದ್ದು. ನಗು ನಿಂತ ಮೇಲೆ ಕೇಳಿದ:

"ಮಡಚಿದ್ರೆ ನಿಮ್ಗೂ ನೋಯ್ತೈತಾ?"

"ನೋಯ್ತದೆ. ಬಾಗಿಲು ಹಾಕ್ಕೊಂಡು ಅಳ್ತೀನಿ. ಸೊಂಟಾನೂ ಎತ್ತುತೀನಿ."

ಈ ಸಲ ಅವನು ನಗಲಿಲ್ಲ. "ಕುಂತ್ಕಳ್ರಿ," ಎಂದು ಕಾಲಿಟ್ಟಿದ್ದ ಕುರ್ಚಿಯನ್ನು ನನ್ನ ಕಡೆ ತಳ್ಳಿದ.

ಅವನ ಮಂಡಿ ನೋಡಿದೆ. ನಲವತ್ತು ಡಿಗ್ರಿ ಮಡಚಿದರೆ ಮುಂದಕ್ಕೆ ಬೀಗ ಹಾಕಿದಂತೆ ನಿಲ್ಲುತ್ತಿತ್ತು. ಚಿಪ್ಪನ್ನು ಬೆರಳಿಂದ ಪಕ್ಕಕ್ಕೆ ಸರಿಸಿ ನೋಡಿದರೆ ಸ್ವಲ್ಪವೇ ಅಲುಗಿತು. ಹೊಲಿಗೆ ಮಾತ್ರ ಗಟ್ಟಿ, ಕಾಲನ್ನು ನೆಟ್ಟಗೆ ಎತ್ತಿ ಹಿಡಿದ. ಸುಳ್ಳು ಹೇಳಲಿಲ್ಲ ನಾನು. ತಡವಾಗಿದೆ, ಬಿಟ್ಟರೆ ಹೀಗೇ ಉಳಿಯುತ್ತದೆ, ದಿನಾ ಮಾಡಿದರೆ ಬಹಳಷ್ಟು ಬರುತ್ತದೆ, ನೋವು ವಿಪರೀತ ಇರುತ್ತದೆ ಎಂದೆ.

ಅವನು ಖಾಲಿ ರೊಪ್ಪದ ಕಡೆ ನೋಡುತ್ತಿದ್ದ. "ಕುರಿನೆಲ್ಲ ಬಾಮೈದ ಹೊಡ್ಕಂಡು ಹೋಗ್ಯಾನೆ, ಮಾರಿಕಣಿವೆ ಕಡೆ. ಹಿಂಗೇ ಕುಂತ್ರೆ ನನ್ನ ದನಿ ಮರ್ತುಬಿಡ್ತಾವೆ ಮೇಡಮ್ಮಾರೆ. ಆಮ್ಯಾಕೆ ನಾನು ಕರೆದ್ರೂ ತಿರುಗಿ ನೋಡಲ್ಲ."

"ನಾಳೆಯಿಂದ ನಾನೂ ಅಲ್ಲಿಗೇ ಬರ್ತೀನಪ್ಪಾ. ಮೇಡಮ್ ಆಗಿ ಅಲ್ಲ, ಮಂಚದ ಮೇಲೆ ಮಲಗಾಕೆ. ಪಕ್ಕದ ಮಂಚ ನಿಂದು."

ಅವನು ಮತ್ತೆ ರೊಪ್ಪದ ಕಡೆ ತಿರುಗಿದ. ಹೆಂಡತಿ ಮಾತ್ರ ಹೊರಡುವಾಗ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಮರುದಿನ ನನ್ನ ಕೋಣೆಗೆ ನಾನು ರೋಗಿಯಾಗಿ ಹೋದೆ. ಅದಕ್ಕಿಂತ ಆಪರೇಷನ್ನೇ ಸಲೀಸಿತ್ತು. ಹೊಳಲ್ಕೆರೆ ಹುಡುಗಿ ಖುಷಿಯಿಂದ ಎದ್ದು ಬಂದಳು. ಬಾಗಿಲಲ್ಲಿ ಕಾಯುತ್ತಿದ್ದವರು ಗುಸುಗುಸು ಎಂದರು. ಪಕ್ಕದ ಮಂಚದ ಟೀಚರಮ್ಮ ನನ್ನನ್ನೇ ನೋಡುತ್ತಿದ್ದರು. ಹುಡುಗಿ ಮೊದಲು ಚಿಪ್ಪನ್ನು ಮೇಲೆ ಕೆಳಗೆ ಸರಿಸಿ ಸಡಿಲಿಸಿದಳು, ಬಿಸಿ ಶಾಖ ಕೊಟ್ಟಳು, ಆಮೇಲೆ ಹಿಮ್ಮಡಿ ಜಾರಿಸಿ ಎಂದಳು. ಜಾರಿಸಿದೆ.

"ಮೇಡಮ್, ಸೊಂಟ ಎತ್ತಬಾರ್ದು," ಎಂದರು ಟೀಚರಮ್ಮ.

ಕೋಣೆ ನಕ್ಕಿತು. ನಾನು ಕಲಿಸಿದ ನಗು, ಒಂದು ಚೂರೂ ಕಡಿಮೆಯಿಲ್ಲದೆ ನಕ್ಕಿತು. ನೋವಿನಲ್ಲಿ ಇರುವವಳಿಗೆ ನಗು ಕೇಳಿದರೆ ತೊಡೆಯ ಸ್ನಾಯು ಬಿಗಿಯುತ್ತದೆ, ಬಿಗಿದರೆ ಮಂಡಿ ಮಡಚುವುದಿಲ್ಲ. ಈ ಒಂದು ವಿಷಯ ಗೊತ್ತಾಗಲು ನನಗೆ ನನ್ನ ಲಿಗಮೆಂಟು ಹರಿಯಬೇಕಾಯಿತು. ನಾಚಿಕೆಯಿಂದ ಕಾಲು ಮಡಚುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ! ಅಂದು ಐವತ್ತು ಡಿಗ್ರಿ ಐವತ್ತೇ ಉಳಿಯಿತು. ಪರದೆ ಬಿಚ್ಚು ಎಂದು ಹುಡುಗಿಗೆ ಹೇಳಬೇಕೆಂದು ಬಾಯಿ ತುದಿಗೆ ಬಂತು, ಹೇಳಲಿಲ್ಲ. ನಾನು ಕಟ್ಟಿದ್ದನ್ನು ನನಗಾಗಿ ಬಿಚ್ಚಿಸಲು ಯಾವ ಮುಖ ಇಟ್ಟುಕೊಂಡು ಕೇಳಲಿ?

ಆ ವಾರ ಕುರಿಗಾರ ಬರಲಿಲ್ಲ. ನಾನು ದಿನವೂ ಹೋದೆ, ದಿನವೂ ಹಲ್ಲು ಕಚ್ಚಿದೆ, ದಿನವೂ ಬರಿಗೈಯಲ್ಲಿ ಬಂದೆ.

ಮುಂದಿನ ವಾರ, ಟೀಚರಮ್ಮನ ಚಿಕಿತ್ಸೆ ಮುಗಿದು ಪಕ್ಕದ ಮಂಚ ಖಾಲಿಯಾಗಿದ್ದಾಗ, ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅವನೇ. ಹಿಂದೆ ಹೆಂಡತಿ, ಕೈಯಲ್ಲಿ ಊಟದ ಡಬ್ಬಿ. ಯಾರ ಮುಖವನ್ನೂ ನೋಡದೆ ಬಂದು ಮಂಚದ ಮೇಲೆ ಕೂತ. ಬಾಗಿಲಲ್ಲಿ ಯಾರೋ ಮೆಲ್ಲಗೆ ಕಿಸಕ್ಕೆಂದದ್ದು ನನಗೂ ಕೇಳಿತು, ಅವನಿಗೂ ಕೇಳಿತು. ಅವನ ಕಿವಿ ಕೆಂಪಾಯಿತು. ನಾನು ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಹುಡುಗಿ ನನ್ನ ಮುಂಗಾಲು ಹಿಡಿದುಬಿಟ್ಟಿದ್ದಳು.

"ಅಕ್ಕಾ, ಇವತ್ತು ಐವತ್ತು ದಾಟಲೇಬೇಕು. ಉಸಿರು ಬಿಡಿ."

ಉಸಿರು ಬಿಟ್ಟೆ. ಅವಳು ಒತ್ತಿದಳು. ಮಂಡಿಯೊಳಗೆ ಚಟಚಟನೆ ಏನೋ ಬಿಟ್ಟುಕೊಂಡಿತು. ಅಂಟಿದ್ದು ಬಿಡಿಸಿಕೊಂಡದ್ದೋ, ಹೊಲಿಗೆ ಕಿತ್ತದ್ದೋ? ಮೈದಾನದ ಸದ್ದು ಕಿವಿಗೆ ಬಂತು. ಕೋಣೆ, ಜನ, ಕೆಲಸ, ಮರ್ಯಾದೆ ಎಲ್ಲ ಮರೆತು ಅರಚಿದೆ. "ಅಯ್ಯೋ ಅವ್ವಾ! ಬಿಡೇ! ಸತ್ತೆ!" ಅಂದು ಅವನು ಒದರಿದ್ದೇ ಮಾತು. ಬಾಗಿಲಲ್ಲಿ ಮುಖಗಳು ಒಂದರ ಮೇಲೊಂದು ಬಂದವು. ಹುಡುಗಿ ಗಾಬರಿಯಾಗಿ ಚಿಪ್ಪಿನ ಕೆಳಗೆ ಬೆರಳಿಟ್ಟು ನೋಡಿ, "ಪಟ್ಟಿ ಇದೆ ಅಕ್ಕಾ, ಗಟ್ಟಿ ಇದೆ, ಹೆದರಬೇಡಿ" ಎಂದಳು. ಆದರೂ ಅಳು ನಿಲ್ಲಲಿಲ್ಲ. ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕಿದೆ, ಕೈಗೆ ಸಿಗಲಿಲ್ಲ. ಕುರಿಗಾರನ ಮುಖ ನನ್ನ ಕಡೆಗಿತ್ತು. ಈಗ ಹೇಳುತ್ತಾನೆ, ಹೇಳಲಿ, ಅವನ ಸರದಿ ಎಂದುಕೊಂಡು ಕಣ್ಣು ಮುಚ್ಚಿದೆ.

ಕೋಲಿನ ಸದ್ದು ಕೇಳಿತು. ಕಣ್ಣು ಬಿಟ್ಟರೆ ಅವನು ಮಂಚದಿಂದ ಇಳಿದು, ಮಡಚದ ಕಾಲನ್ನು ಎಳೆದುಕೊಂಡು ಕಂಬಿಯ ಹತ್ತಿರ ಹೋಗಿದ್ದ. ಪರದೆಗೆ ಕಟ್ಟಿದ ಬ್ಯಾಂಡೇಜಿನ ಗಂಟಿಗೆ ಉಗುರು ಹಾಕಿದ. ಬಿಚ್ಚಲಿಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದೆ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದ. ಹರಿದು ಬಂತು. ಬಾಗಿಲ ಕಡೆ ತಿರುಗಿ, "ಏನಪ್ಪಾ, ಇಲ್ಲೇನ್ ನಾಟಕ ಆಡ್ತಾರಾ? ಹೊರಗೆ ಕುಂತ್ಕಳ್ರಿ," ಎಂದ.

ಆಮೇಲೆ ಧೂಳು ಹಿಡಿದ ಆ ಹಸಿರು ಪರದೆಯನ್ನು ನನ್ನ ಮಂಚದ ಸುತ್ತ ಕೊನೆಯವರೆಗೂ ಎಳೆದ. ಆಚೆಯಿಂದ ಅವನ ದನಿ ಬಂತು.

"ಈಗ ಒದರ್ರಿ ಮೇಡಮ್ಮಾರೆ. ಯಾರೂ ನೋಡಲ್ಲ."